ಮೂವತ್ತೆರಡು ಓ

ಅಕ್ಕಿ ನೆನೆಯುವಷ್ಟು ಹೊತ್ತು ನನಗೆ ಬಿಡುವಿದೆ. ಮಗಳು ಹೇಮಿ ಒಳಕೋಣೆಯಲ್ಲಿ ಮಲಗಿದ್ದಾಳೆ, ಬಾಗಿಲು ಅರ್ಧ ತೆರೆದಿದೆ. ಅವಳು ಏಳುವ ಮೊದಲು ಆದಷ್ಟು ಬರೆದಿಡುತ್ತೇನೆ. ಮುಂದೆ ಏನೇ ಆಗಲಿ, ಈ ನಾಲ್ಕು ತಿಂಗಳಲ್ಲಿ ನಾನು ಕೇಳಿಸಿಕೊಂಡದ್ದು ಎಲ್ಲಾದರೂ ಉಳಿದಿರಬೇಕು ಅನ್ನಿಸುತ್ತದೆ.

ನಮ್ಮ ಊರಿನ ಹೆಣ್ಣುಮಕ್ಕಳಿಗೆ ಮೈನೆರೆದ ದಿನದಿಂದ ಎರಡು ಸದ್ದು ಶುರುವಾಗುತ್ತವೆ. ಒಂದು ಮೇಲೆ, ಹುಬ್ಬುಗಳ ನಡುವೆ, ಸ್ವಲ್ಪ ಒಳಗೆ. ಅದು ಕೂ ಎನ್ನುತ್ತದೆ, ಹೊಲದ ಆ ತುದಿಯಿಂದ ಯಾರೋ ಕರೆದ ಹಾಗೆ. ಇನ್ನೊಂದು ಹೊಕ್ಕುಳಿಗಿಂತ ನಾಲ್ಕು ಬೆರಳು ಕೆಳಗೆ, ಎಡಕ್ಕೂ ಬಲಕ್ಕೂ. ಅದು ಓ ಎನ್ನುತ್ತದೆ. ಮೇಲಿನಿಂದ ಕರೆ, ಕೆಳಗಿನಿಂದ ಓಗೊಡುವುದು. ಪಕ್ಕದಲ್ಲಿ ಕುಳಿತವರಿಗೂ ಕೇಳುತ್ತದೆ. ಅದಕ್ಕೇ ನಮ್ಮೂರ ಟಾಕೀಸಿನಲ್ಲಿ ಹೆಂಗಸರ ಕಡೆ ಎರಡು ಸ್ಪೀಕರ್ ಜಾಸ್ತಿ. ಬಸ್ಸಿನ ಕಂಡಕ್ಟರು ನಿಲ್ದಾಣದ ಹೆಸರನ್ನು ಹಲಗೆಯಲ್ಲಿ ಬರೆದು ಎತ್ತಿ ತೋರಿಸುತ್ತಾನೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಾಜರಿ ಕೂಗುವ ಪದ್ಧತಿಯೇ ಇಲ್ಲ, ಮೇಡಂ ಮುಖ ನೋಡಿ ಗುರುತು ಹಾಕಿಕೊಳ್ಳುತ್ತಾರೆ.

ಇನ್ನೊಂದು ರೂಢಿಯಿದೆ. ಹೊಟ್ಟೆ ಓ ಎನ್ನುತ್ತಿರುವ ತನಕ ಬಾಯಲ್ಲಿ ಓ ಎನ್ನಬಾರದು. ಒಂದೇ ಮೈಯಿಂದ ಎರಡು ಓ ಹೊರಟರೆ ಕರೆದವರಿಗೆ ಗಲಿಬಿಲಿಯಾಗುತ್ತದಂತೆ. ಯಾರಾದರೂ ಕರೆದರೆ ‘ಬಂದೆ’ ಅನ್ನಬೇಕು. ಓ ಎನ್ನುವುದು ಗಂಡಸರು, ಚಿಕ್ಕ ಮಕ್ಕಳು, ಮುಟ್ಟು ನಿಂತ ನಮ್ಮಂಥವರು. ಹೇಮಿ ಹದಿಮೂರಕ್ಕೆ ಓ ಬಿಟ್ಟು ‘ಬಂದೆ’ ಹಿಡಿದಳು. ನನಗೆ ಆರು ವರ್ಷದ ಹಿಂದೆ ಓ ವಾಪಸ್ ಸಿಕ್ಕಿತು. ಮೂವತ್ತೇಳು ವರ್ಷ ಬಾಯಿಗೆ ಬಾರದ ಅಕ್ಷರ. ಮೊದಲ ಸಲ ಅಂದಾಗ ನನ್ನ ಯಜಮಾನರು ಓದುತ್ತಿದ್ದ ಪೇಪರ್ ಇಳಿಸಿ, “ಏನೇ ಸುಭದ್ರ, ಮತ್ತೆ ಲಂಗ ಹಾಕ್ಕೊಳ್ಳೋ ಹುಡುಗಿ ಆಗ್ಬಿಟ್ಯಾ?” ಎಂದು ನಕ್ಕಿದ್ದರು.

ತಿಂಗಳಿಗೊಂದು ಸಲ ಹೀಗೆ ನಡೆಯುತ್ತದೆ. ಮುಟ್ಟಾದ ಮೊದಲ ದಿನಗಳಲ್ಲಿ ಕೂ ಬರುತ್ತದೆ, ಹತ್ತು ಹನ್ನೆರಡು ಸಣ್ಣ ದನಿಗಳು ಓ ಎನ್ನುತ್ತವೆ. ಏಳೆಂಟನೇ ದಿನದ ಹೊತ್ತಿಗೆ ಅವುಗಳಲ್ಲಿ ಒಂದು ದನಿ ದಪ್ಪಗಾಗುತ್ತದೆ. ದಪ್ಪಗಾದದ್ದು ಮೇಲಕ್ಕೆ ‘ಕೇಳಿಸ್ತು, ಸಾಕು’ ಎಂದು ಹೇಳಿ ಕಳಿಸುತ್ತದೋ ಏನೋ, ಕರೆ ತಗ್ಗುತ್ತದೆ. ತಗ್ಗಿದ ಕರೆ ಉಳಿದ ಚಿಕ್ಕವಕ್ಕೆ ಕೇಳುವುದಿಲ್ಲ. ಅವು ಒಂದೊಂದಾಗಿ ಸುಮ್ಮನಾಗುತ್ತವೆ. ನನ್ನ ಅವ್ವ ಆ ದಿನ ಕಸ ಗುಡಿಸುತ್ತಿದ್ದರೂ ಪೊರಕೆ ಹಿಡಿದುಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದಳು. ಹದಿನಾಲ್ಕನೇ ದಿನದ ಆಸುಪಾಸಿಗೆ ಮೇಲಿನಿಂದ ಒಂದು ದೊಡ್ಡ ಕೂ ಬರುತ್ತದೆ, ಆಮೇಲೆ ಹೊಟ್ಟೆಯೊಳಗೆ ಟಪ್ ಎನ್ನುತ್ತದೆ, ಒಣಗಿದ ಅವರೆಕಾಯಿ ಬಿಸಿಲಿಗೆ ಸಿಡಿದ ಹಾಗೆ.

ಇದನ್ನೆಲ್ಲ ಕೇಳಿ ಹೇಳುವುದಕ್ಕೆ ನಮ್ಮೂರಿನಲ್ಲಿ ಕಿವಿಯಮ್ಮ ಇದ್ದಾಳೆ. ಈಗಿನ ಕಿವಿಯಮ್ಮ ಚಿಕ್ಕತಾಯಮ್ಮ. ಪರಂಗಿ ಎಲೆಯ ದಂಟನ್ನು ಬೆಳಿಗ್ಗೆ ಬೆಳಿಗ್ಗೆ ಹೊಸದಾಗಿ ಮುರಿದುಕೊಂಡು ಮನೆಮನೆಗೆ ಹೋಗುತ್ತಾಳೆ. ಟೊಳ್ಳಾದ ಆ ದಂಟಿನ ಒಂದು ತುದಿ ಹೊಟ್ಟೆಗೆ, ಇನ್ನೊಂದು ತುದಿ ಅವಳ ಕಿವಿಗೆ. ಮದುವೆಯ ಹಿಂದಿನ ದಿನ ಓ ಎಣಿಸುವ ಶಾಸ್ತ್ರ ಮಾಡುವವಳೂ ಅವಳೇ.

ಹೇಮಿಗೆ ಎಣಿಸಿದಾಗ ಮೂವತ್ತೆರಡು ಬಂತು.

ಚಪ್ಪರದ ಕೆಳಗೆ ಹೆಂಗಸರೆಲ್ಲ ಹೋ ಎಂದರು. ಹನ್ನೆರಡು ಬಂದರೆ ಕಾಯಿ ಒಡೆಯುವ ಊರು ನಮ್ಮದು. ಬೀಗಿತ್ತಿ ಜಯಶೀಲಮ್ಮ ಎದ್ದು ಬಂದು ಹೇಮಿಯ ಕೆನ್ನೆಗೆ ನೆಟಿಗೆ ತೆಗೆದರು. ನಾನು ಎರಡು ಬುಟ್ಟಿ ಹೋಳಿಗೆ ಹಂಚಿದೆ. ಚಿಕ್ಕತಾಯಮ್ಮ ಮಾತ್ರ ದಂಟನ್ನು ತೆಗೆಯದೆ ಇನ್ನೂ ಕೇಳುತ್ತಿದ್ದಳು. “ಮೂವತ್ತೆರಡೇನೋ ಸರಿ ಕಣವ್ವ. ಆದ್ರೆ ಎಲ್ಲಾ ಒಂದೇ...” ಎಂದು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ವಾಲಗದವರು ಊದಿದರು. ಅವಳ ಮಾತು ಕೇಳಿಸಲಿಲ್ಲ. ಆಮೇಲೆ ಕೇಳಬಹುದಿತ್ತು. ಹೋಳಿಗೆ ಹಂಚುವ ಸಂಭ್ರಮದಲ್ಲಿ ನಾನು ಕೇಳಲಿಲ್ಲ.

ನಾಲ್ಕು ವರ್ಷವಾಯಿತು. ಮಗು ನಿಲ್ಲಲಿಲ್ಲ. ಹೇಮಿಗೆ ಮುಟ್ಟು ಮೂರು ತಿಂಗಳಿಗೊಮ್ಮೆ, ಕೆಲವೊಮ್ಮೆ ಐದು ತಿಂಗಳಿಗೊಮ್ಮೆ. ಬೇರೆ ಊರಿನವರಾಗಿದ್ದರೆ ಕ್ಯಾಲೆಂಡರ್ ನೋಡಿ ಗಾಬರಿಯಾಗುತ್ತಿದ್ದರೋ ಏನೋ. ನಮ್ಮೂರಿನಲ್ಲಿ ದಿನ ಯಾರು ಲೆಕ್ಕ ಇಡುತ್ತಾರೆ? ಸದ್ದಿದೆಯಲ್ಲ, ತುಂಬಿದ ಸಂತೆಯ ಹಾಗೆ ಸದ್ದಿದೆಯಲ್ಲ ಎಂದೇ ಎಲ್ಲರೂ ನಂಬಿದ್ದೆವು. ಜಯಶೀಲಮ್ಮ ಪ್ರತಿ ಶುಕ್ರವಾರ ಏಳು ಜನ ಮುತ್ತೈದೆಯರನ್ನು ಸೇರಿಸಿ ಕರೆ ಹಾಕಿಸತೊಡಗಿದರು. ಹೇಮಿಯನ್ನು ಮಣೆಯ ಮೇಲೆ ಕೂರಿಸಿ ಸುತ್ತ ಕುಳಿತು, ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಕೂ ಎನ್ನುವುದು. ಒಂದು ತಾಸು. ಹೇಮಿಯ ಹೊಟ್ಟೆ ಗಿಜಿಗುಟ್ಟುತ್ತಿತ್ತು. ಎಲ್ಲರೂ ತೃಪ್ತಿಯಿಂದ ತಲೆದೂಗುತ್ತಿದ್ದರು. ನಾನೂ ಎಷ್ಟೋ ಶುಕ್ರವಾರ ಆ ಏಳರಲ್ಲಿ ಕುಳಿತಿದ್ದೇನೆ. ಉಳಿದ ದಿನಗಳಲ್ಲಿ ಫೋನ್ ಮಾಡಿ, “ಏನಾದ್ರೂ ಇದೆಯೇನವ್ವಾ?” ಎಂದು ಕೇಳುತ್ತಿದ್ದೆ. ದಿನಾ ಕೇಳುತ್ತಿದ್ದೆ. ಅವಳು, “ಇಲ್ಲವ್ವ, ಅನ್ನಕ್ಕಿಟ್ಟಿದ್ದೀನಿ,” ಎಂದು ಫೋನ್ ಇಡುತ್ತಿದ್ದಳು.

ಅಕ್ಕಿ ಬಸಿದು ಬಂದೆ. ಹೇಮಿ ಇನ್ನೂ ಎದ್ದಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಒಂದು ದಿನ ಹೇಮಿ ತಾನೇ ಬಂದಳು. ಬಟ್ಟೆಯ ಚೀಲವಿಲ್ಲ, ಕೈಬೀಸಿಕೊಂಡು. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, “ಅವ್ವ, ನನ್ನ ಹೊಟ್ಟೇಲಿರೋರು ಯಾರೂ ಬರೋದಿಲ್ಲ ಅನ್ಸುತ್ತೆ. ಬರೀ ಸದ್ದು ಮಾಡ್ತಾರೆ,” ಎಂದಳು. ಅಳಲಿಲ್ಲ. ಅಳದೆ ಹೇಳಿದ್ದರಿಂದ ನನಗೆ ಭಯವಾಯಿತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಮೃಣಾಲಿನಿ ಹೊರಗಿನವರು, ನಮ್ಮೂರಿಗೆ ಬಂದು ಎರಡು ವರ್ಷ. ಬಂದ ಆರನೇ ತಿಂಗಳಿಗೆ ಅವರ ಹೊಟ್ಟೆಯೂ ಓ ಎಂದಿತಂತೆ, ಅವರು ರೋಗಿಯ ನಾಡಿ ಹಿಡಿದುಕೊಂಡೇ “ಯಾರದು?” ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದರಂತೆ. ಈಗ ಅಭ್ಯಾಸವಾಗಿದೆ. ಅವರು ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಅಂಡಾಶಯದ ಅಂಚಿಗೆ ಸಣ್ಣ ಸಣ್ಣ ಕಪ್ಪು ಗುಳ್ಳೆಗಳು ಸಾಲಾಗಿ, ಕರಿಮಣಿ ಪೋಣಿಸಿದಂತೆ ಕಂಡವು. ಎಲ್ಲ ಒಂದೇ ಅಳತೆ. ಆಮೇಲೆ ಅವರು ಚಿಕ್ಕತಾಯಮ್ಮನನ್ನು ಕರೆಸಿದರು. ಚಿಕ್ಕತಾಯಮ್ಮ ದಂಟನ್ನು ಹೇಮಿಯ ಹುಬ್ಬುಗಳ ನಡುವೆ ಇಟ್ಟು ಕೂ ಬಂದಾಗಲೆಲ್ಲ ಬೆರಳೆತ್ತಿದಳು. ಡಾಕ್ಟರು ಗಡಿಯಾರ ನೋಡಿ ಬರೆದುಕೊಂಡರು. ಅರ್ಧ ದಿನ ಹಾಗೆ ಕುಳಿತಿದ್ದೆವು.

“ನಲವತ್ತು ನಿಮಿಷಕ್ಕೊಂದು ಕರೆ ಬರ್ತಿದೆ ಅಮ್ಮ,” ಎಂದರು ಡಾಕ್ಟರು. “ಗಂಟೆ, ಒಂದೂವರೆ ಗಂಟೆಗೊಂದು ಬರಬೇಕು. ನಡುವೆ ಬಿಡುವು ಸಿಕ್ಕಿದ್ರೆ ತಾನೇ ಒಂದು ಬೆಳೆಯೋದು? ಇಲ್ಲಿ ಎಲ್ಲಾ ಎದ್ದಿದ್ದಾವೆ, ಅರ್ಧಕ್ಕೇ ನಿಂತಿದ್ದಾವೆ.”

“ಅವತ್ತು ನಾನು ಹೇಳಕ್ಕೆ ಬಂದಿದ್ದು ಅದೇಯ,” ಎಂದಳು ಚಿಕ್ಕತಾಯಮ್ಮ ನನ್ನ ಕಡೆ ತಿರುಗಿ. “ಮೂವತ್ತೆರಡೂ ಒಂದೇ ದಪ್ಪ. ಒಂದಾದ್ರೂ ದೊಡ್ಡದಿರಬೇಡ್ವಾ ಅಂತ.”

ನಾನು ತಲೆ ತಗ್ಗಿಸಿದೆ. ಹೇಮಿ ಮಲಗಿದ್ದಲ್ಲಿಂದಲೇ ಕೈಚಾಚಿ ನನ್ನ ಸೆರಗು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

ಡಾಕ್ಟರು ಮಾತ್ರೆ ಬರೆದರು, ಸಿಹಿ ಕಡಿಮೆ ಮಾಡಲು, ದಿನಾ ನಡೆಯಲು ಹೇಳಿದರು. ತಿಂದ ಸಕ್ಕರೆಯೂ ಮೈಯೊಳಗೆ ಒಂದು ಬಗೆಯ ಕೂಗೇ ಎಂದರು. ಫಲ ಸಿಕ್ಕೇ ಸಿಗುತ್ತದೆ ಎಂದು ಹೇಳಲಿಲ್ಲ. “ನೋಡೋಣ” ಎಂದರು. ನನಗೆ ಆ ಮಾತೇ ಹಿಡಿಸಿತು.

ಅವತ್ತು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ನನಗೆ ಒಂದು ಹಳೆಯ ಮಾತು ನೆನಪಾಯಿತು. ನನ್ನ ಮಕ್ಕಳು ಮೂವರು, ಇಬ್ಬರು ಗಂಡು, ಆಮೇಲೆ ಹೇಮಿ. ಚಿಕ್ಕವರಿದ್ದಾಗ ಊಟದ ಹೊತ್ತಿಗೆ ಅಟ್ಟದ ಮೇಲೆ ಚೌಕಾಬಾರ ಆಡುತ್ತಿರುತ್ತಿದ್ದರು. ನಾನು ಏಣಿಯ ಬುಡದಲ್ಲಿ ನಿಂತು ಊಟಕ್ಕೆ ಬನ್ರೋ, ಬನ್ರೋ, ಆರಿಹೋಗ್ತದೆ ಬನ್ರೋ ಎಂದು ಒಂದೇ ಸಮನೆ ಕೂಗುವುದು. ಮೇಲಿನಿಂದ ಓ, ಓ, ಓ. ಮೂವರದೂ ಓ. ಒಬ್ಬರೂ ಇಳಿದು ಬರುತ್ತಿರಲಿಲ್ಲ. ನಾನು ಕೂಗಿದಷ್ಟೂ ಅವರ ಓ ಜೋರಾಗುತ್ತಿತ್ತು, ಅಷ್ಟೆ. ಒಂದು ದಿನ ಯಜಮಾನರು, “ಒಂದ್ಸಲ ಕರೆದು ಒಳಗೆ ಹೋಗೇ ಮಾರಾಯ್ತಿ. ನೀನು ಕೂಗ್ತಾ ಇದ್ರೆ ಇನ್ನೂ ಟೈಮಿದೆ ಅಂದ್ಕೋತಾರೆ,” ಎಂದರು. ಮರುದಿನ ಒಂದೇ ಸಲ ಕರೆದೆ. ಓ ಎಂದರು. ನಾನು ಒಳಗೆ ಬಂದು ತಟ್ಟೆಗೆ ಬಡಿಸಿಕೊಂಡು ಸುಮ್ಮನೆ ಕುಳಿತೆ. ಮನೆ ನಿಶ್ಶಬ್ದವಾಯಿತು. ಸ್ವಲ್ಪ ಹೊತ್ತಿಗೆ ಏಣಿಯ ಮೇಲೆ ಪುಟ್ಟ ಪಾದಗಳ ಸದ್ದು. ಮೊದಲು ಇಳಿದವಳು ಹೇಮಿ.

ಒಗ್ಗರಣೆ ಸೀದುಹೋಯಿತು. ನಾನು ಒಲೆ ಆರಿಸಿ ಅಲ್ಲೇ ನಿಂತಿದ್ದೆ. ಏಳು ಜನರ ಕರೆ, ಅದರ ಮೇಲೆ ದಿನಾ ನನ್ನ ಫೋನು. ಅವಳ ತಲೆಯೊಳಗಿನ ಕರೆ ನಲವತ್ತು ನಿಮಿಷಕ್ಕೊಂದಾದರೆ, ನಾವು ಹೊರಗಿನಿಂದ ಕೂಗಿದ್ದಕ್ಕೆ ಲೆಕ್ಕವೇ ಇಲ್ಲ.

ಹೇಮಿ ಗಂಡನ ಮನೆಗೆ ಮರಳಿದ್ದಳು. ಮುಂದಿನ ಶುಕ್ರವಾರ ನಾನು ಬೀಗರ ಮನೆಗೆ ಹೋದೆ. ಏಳು ಜನ ಆಗಲೇ ಕುಳಿತಿದ್ದರು. ನಾನು ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ ಮಣೆಯ ಮೇಲಿಂದ ಹೇಮಿಯ ಕೈಹಿಡಿದು ಎಬ್ಬಿಸಿದೆ. “ಬೀಗಿತ್ತಿಯವರೇ, ನಾಲ್ಕು ತಿಂಗಳು ಇವಳನ್ನ ನಮ್ಮನೇಲಿ ಇಟ್ಕೋತೀನಿ. ಕರೆ ನಿಲ್ಲಿಸೋಣ.”

ಜಯಶೀಲಮ್ಮನ ಮುಖ ಕೆಂಪಾಯಿತು. “ಮೂವತ್ತೆರಡು ಓ ಇರೋ ಸೊಸೆ ತಂದೆ ಅಂತ ಬೀದಿಯೆಲ್ಲ ಹೇಳ್ಕೊಂಡು ಬಂದವಳು ನಾನು. ಇಷ್ಟು ಕರೆದ್ರೇನೇ ಬರದೋರು ಕರೀದೆ ಬರ್ತಾರೇನ್ರೀ? ನಿಮ್ಮನೆಗೆ ನೆಂಟರು ಹಾಗೇ ಬರ್ತಾರಾ?”

“ನೆಂಟರನ್ನ ಒಂದ್ಸಲ ಕರೀತೀವಿ. ಬಾಗಿಲಲ್ಲಿ ನಿಂತು ದಿನಾ ಬೊಬ್ಬೆ ಹೊಡೆದ್ರೆ ಬರೋರೂ ಬರಲ್ಲ.”

“ಓಹೋ, ನಾನು ಬೊಬ್ಬೆ ಹೊಡೆಯೋಳು!”

“ನಾನೂ ಹೊಡೆದಿದ್ದೀನಿ ತಾಯಿ. ನಿಮಗಿಂತ ಜಾಸ್ತಿ ಹೊಡೆದಿದ್ದೀನಿ.”

ಆಗ ಹೇಮಿ ಬಾಯಿ ಬಿಟ್ಟಳು. “ಅತ್ತೆ, ನೀವು ಆಸೆಯಿಂದ ಮಾಡ್ತೀರ, ನಂಗೊತ್ತು. ಆದ್ರೆ ನನಗೇ ನನ್ನ ಸದ್ದು ಕೇಳಿ ಸಾಕಾಗಿದೆ. ಒಂದು ನಾಲ್ಕು ತಿಂಗಳು ಸುಮ್ನಿರ್ತೀನಿ.” ಜಯಶೀಲಮ್ಮ ಒಳಗೆ ಹೋದರು. ಹೊರಡುವಾಗ ನೋಡಿದರೆ ಹೇಮಿಯ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿಟ್ಟಿದ್ದರು, ಮೇಲೊಂದು ಡಬ್ಬಿ ಮೆಂತ್ಯದ ಹಿಟ್ಟು. “ಸಿಹಿ ತಿನ್ಬಾರ್ದಂತಲ್ಲ,” ಎಂದರು, ನನ್ನ ಮುಖ ನೋಡದೆ.

ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಹಾಲಿನವನಿಗೆ ಕೂಗಬೇಡ, ಬಾಗಿಲ ಚಿಲಕ ಅಲ್ಲಾಡಿಸು ಎಂದೆ. ಹೇಮಿಯನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟೆ, ಬೇಕಾದರೆ ಹತ್ತಿರ ಹೋಗಿ ಹೆಗಲು ಮುಟ್ಟುತ್ತಿದ್ದೆ. ‘ಏನಾದ್ರೂ ಇದೆಯಾ’ ಎಂಬ ಮಾತು ದಿನಕ್ಕೆ ಹತ್ತು ಸಲ ಗಂಟಲಿಗೆ ಬರುತ್ತಿತ್ತು. ಬಂದಾಗಲೆಲ್ಲ ಒಂದು ಪಾತ್ರೆ ತಿಕ್ಕುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಪಾತ್ರೆಗಳು ಹೊಳೆದಷ್ಟು ಯಾವತ್ತೂ ಹೊಳೆದಿಲ್ಲ. ಬೆಳಿಗ್ಗೆ ಇಬ್ಬರೂ ಕೆರೆಯ ಏರಿಯ ಮೇಲೆ ನಡೆದು ಬರುತ್ತಿದ್ದೆವು, ಹೆಚ್ಚು ಮಾತಿಲ್ಲದೆ.

ಮೊದಲ ತಿಂಗಳು ಸಂತೆ ಕಡಿಮೆಯಾಯಿತು. ಮೂವತ್ತು, ಇಪ್ಪತ್ತು, ಹದಿನೈದು. ಎರಡನೇ ತಿಂಗಳು ಇನ್ನೂ ತಗ್ಗಿ ಒಂದು ದಿನ ಏನೂ ಕೇಳಿಸದಂತಾಯಿತು. ಹೇಮಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಖಾಲಿಯಾಗೋಯ್ತೇನವ್ವಾ?” ಎಂದು ಕೇಳಿದಳು. ನಾನು ಅವಳ ತಲೆ ಬಾಚಿ, ಬಿಗಿಯಾಗಿ ಜಡೆ ಹಾಕಿದೆ. ಸದ್ದು ನಿಂತಿದೆ ಎಂದು ನನ್ನ ಅಳಿಯ ಸೋಮಶೇಖರರಿಂದ ತಿಳಿದ ಜಯಶೀಲಮ್ಮ ಅವತ್ತೇ ಫೋನ್ ಮಾಡಿ, “ಇದ್ದದ್ದೂ ಕಳ್ಕೊಂಡ್ರಲ್ಲ,” ಎಂದರು. ಅವರು ಸಿಟ್ಟಿನಲ್ಲಿ ಹೇಳಲಿಲ್ಲ, ಅವರ ದನಿ ಒಡೆದಿತ್ತು. ಅವತ್ತು ನಾನೂ ಹೆದರಿದೆ. ಏಣಿಯ ಬುಡದಿಂದ ಒಳಗೆ ಬಂದು ಕುಳಿತ ಆ ದಿನದ ಮೌನವನ್ನು ನೆನೆಸಿಕೊಂಡೆ. ಅದು ಎಷ್ಟು ಹೊತ್ತಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮೂರನೇ ತಿಂಗಳು ಡಾಕ್ಟರು ಐದು ದಿನದ ಬೇರೆ ಮಾತ್ರೆ ಕೊಟ್ಟರು. ಅದು ಮುಗಿದ ನಾಲ್ಕೈದು ದಿನಕ್ಕೆ, ಮಧ್ಯಾಹ್ನ, ಹೇಮಿ ಹಿತ್ತಿಲ ಜಗಲಿಯಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಕೈ ನಿಲ್ಲಿಸಿ, “ಅವ್ವ, ಸ್ವಲ್ಪ ಕಿವಿ ಇಡು,” ಎಂದಳು.

ಅವಳು ಮೈನೆರೆದ ದಿನ ಬಿಟ್ಟರೆ ನಾನು ಯಾವತ್ತೂ ಅವಳ ಹೊಟ್ಟೆಗೆ ಕಿವಿ ಇಟ್ಟಿರಲಿಲ್ಲ. ಮಂಡಿಯೂರಿ ಕುಳಿತು ತಲೆ ಒರಗಿಸಿದೆ. ಮೊದಲು ಬರೀ ಬಟ್ಟೆಯ ಸರಪರ. ಆಮೇಲೆ ದೂರದಲ್ಲಿ ಒಂದು ಕೂ. ಆಮೇಲೆ ಬಿಡುವು. ಆ ಬಿಡುವಿನ ಕೊನೆಗೆ ಎಡಗಡೆಯಿಂದ ಓ ಎಂದಿತು. ಒಂದೇ. ದಪ್ಪ ದನಿ, ನಿದ್ದೆಯಿಂದ ಎದ್ದು ಕುಳಿತವರದು.

ನಾನು ಉಸಿರು ಬಿಗಿಹಿಡಿದು ಹಾಗೇ ಇದ್ದೆ. ಆಗ ಅದರ ಕೆಳಗೆ ಇನ್ನೊಂದು ಕೇಳಿಸಿತು. ಪಿಸಪಿಸ. ನಾನು ಈ ಊರಿನಲ್ಲೇ ಹುಟ್ಟಿ ಬೆಳೆದವಳು, ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಅಷ್ಟು ಓಗಳ ಗಲಾಟೆಯಲ್ಲಿ ಯಾರಿಗೆ ಕೇಳಿಸೀತು? ಮರುದಿನ ಡಾಕ್ಟರನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. “ನೀವು ಅದನ್ನ ಕೇಳಿಸ್ಕೊಂಡ್ರಾ? ನಾವು ಪುಸ್ತಕದಲ್ಲಿ ಓದಿದ್ದೀವಿ, ಅಷ್ಟೆ. ಅಂಡ ಅಂದ್ರೆ ಸುಮ್ನೆ ಕೂತಿರೋ ಕಾಳಲ್ಲ ಅಮ್ಮ. ಸುತ್ತ ಇರೋ ಪುಟ್ಟ ಪುಟ್ಟ ಜೀವಕೋಶಗಳ ಹತ್ರ ಮಾತಾಡ್ತಾ ಇರುತ್ತೆ. ಬೆಳೀರಿ ಅನ್ನುತ್ತೆ, ಇದು ಕೊಡಿ, ಇದು ಬೇಡ ಅನ್ನುತ್ತೆ, ಈಗ್ಲೇ ಅವಸರ ಮಾಡ್ಬೇಡಿ ಅನ್ನುತ್ತೆ. ಅವು ಇದನ್ನ ಸಾಕ್ತವೆ, ಇದು ಅವನ್ನ ಬೆಳೆಸುತ್ತೆ. ಮೇಲಿನ ಕರೆ ಎಷ್ಟೇ ಚೆನ್ನಾಗಿದ್ರೂ ಈ ಮಾತುಕತೆ ಇಲ್ದಿದ್ರೆ ಏನೂ ಆಗಲ್ಲ.”

ಕಣ್ಣಿಗೆ ಕಾಣದಷ್ಟು ಚಿಕ್ಕದು ತನ್ನನ್ನು ಸಾಕುವವರನ್ನು ತಾನೇ ಬೆಳೆಸುತ್ತದೆ. ಮೂರು ಮಕ್ಕಳನ್ನು ಹೆತ್ತ ನನಗೆ ಅದನ್ನು ಯಾರಾದರೂ ಬಿಡಿಸಿ ಹೇಳಬೇಕಿತ್ತೇ? ದೊಡ್ಡವನು ಹುಟ್ಟುವ ತನಕ ನನಗೆ ಬಿಸಿನೀರು ಹದ ಮಾಡಲೂ ಬರುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಡಾಕ್ಟರು ಹೇಳಿದರು. ಹೆಣ್ಣುಮಗುವಿನ ಅಂಡಗಳೆಲ್ಲ ಅದು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿಬಿಡುತ್ತವಂತೆ. ಹೇಮಿಯನ್ನು ಹೊತ್ತಿದ್ದಾಗ ಐದನೇ ತಿಂಗಳಲ್ಲಿ ನನ್ನ ಹೊಟ್ಟೆಯೊಳಗೆ ಮೊರದಲ್ಲಿ ರಾಗಿ ಜರುಗಿದಂಥ ಸದ್ದಾಗುತ್ತಿತ್ತು. ಏನೆಂದು ಆಗ ತಿಳಿದಿರಲಿಲ್ಲ. ಹಾಗಾದರೆ ಜಗಲಿಯಲ್ಲಿ ನನಗೆ ಓ ಎಂದ ಆ ಒಂದನ್ನೂ ನಾನೇ ಹೊತ್ತಿದ್ದೆ. ಮೂವತ್ತೆರಡನ್ನೂ ಹೊತ್ತಿದ್ದೆ. ಗೊತ್ತಿಲ್ಲದವರನ್ನು ಕರೆದಂತೆ ನಾಲ್ಕು ವರ್ಷ ಕೂಗಿದ್ದೆ.

ಸೋಮಶೇಖರ ಆ ವಾರ ರಜೆ ಹಾಕಿ ನಮ್ಮ ಮನೆಯಲ್ಲೇ ಉಳಿದರು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಹೇಮಿಯ ತಲೆಯೊಳಗಿನ ಕೂ ನಮಗೆಲ್ಲ ಕೇಳುವಷ್ಟು ದೊಡ್ಡದಾಗಿ ಬಂತು, ಲೋಟ ಅದುರಿತು. ಮರುದಿನ ಟಪ್ ಎಂದಿತು. ಹೇಮಿ ಇಪ್ಪತ್ತೇಳು ವರ್ಷದ ಹೆಂಗಸು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಂಗಳದಲ್ಲಿ ಒಂದು ಸುತ್ತು ಓಡಿದಳು.

ಟಪ್ ಆದ ಮೇಲೆ ಉಳಿಯುವ ಖಾಲಿ ಗೂಡು ಗುಂಯ್ ಎನ್ನುತ್ತಿರುತ್ತದೆ, ಒಲೆಯ ಮೇಲಿನ ಹಂಡೆಯ ಹಾಗೆ. ಮನೆ ಬೆಚ್ಚಗಿಡುವುದು ಅದರ ಕೆಲಸ. ಹದಿನಾಲ್ಕು ದಿನ ಕಾಯುತ್ತದೆ. ಯಾರೂ ಬರದಿದ್ದರೆ ಸುಮ್ಮನಾಗುತ್ತದೆ, ಮುಟ್ಟಾಗುತ್ತದೆ. ನಾನು ಪಾತ್ರೆ ತಿಕ್ಕಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿನೈದನೇ ದಿನ ಹೇಮಿ ಹಾಸಿಗೆಯಿಂದ ಏಳಲೇ ಇಲ್ಲ, ಎದ್ದರೆ ನಿಂತುಹೋಗುತ್ತದೆಂದು ಹೆದರಿ. ಗುಂಯ್ ಇನ್ನೂ ಇತ್ತು.

ನಿನ್ನೆಗೆ ಹದಿನೇಳು. ಚಿಕ್ಕತಾಯಮ್ಮ ಬಂದಳು. ದಂಟು ಇಟ್ಟು ಕೇಳಿದಳು. ತೆಗೆದು, ಇನ್ನೊಂದು ದಂಟು ಮುರಿದು ತಂದು ಮತ್ತೆ ಕೇಳಿದಳು. ಆಮೇಲೆ ಗೋಡೆಗೆ ಒರಗಿ ಕುಳಿತುಬಿಟ್ಟಳು.

“ಏನಾಯ್ತು ತಾಯಮ್ಮ?” ಎಂದೆ.

“ಕೂ ಅಂತಿದೆ ಕಣವ್ವ ಸುಭದ್ರವ್ವ.”

“ಮೇಲಿಂದ ತಾನೆ?”

“ಮೇಲಿಂದ ಅಲ್ಲ. ಕೆಳಗಿಂದ. ಸಣ್ಣದು, ಇರುವೆ ಕರೆದಂಗೆ. ಹಂಡೆ ಅದಕ್ಕೇ ನಿಂತಿಲ್ಲ. ಯಾರೋ ಹೊಸಬ್ರು ಕರೀತಾವ್ರೆ, ಅದು ಓ ಅಂತಾ ಅದೆ.”

ಇಷ್ಟು ದಿನ ನಾವು ಕರೆದದ್ದು, ಅದು ಓಗೊಟ್ಟದ್ದು. ಈಗ ಆ ಒಂದು ತಾನೇ ಕರೆಯತೊಡಗಿದೆ. ನನ್ನ ಮಗಳ ಇಡೀ ಮೈ ಅದಕ್ಕೆ ಓ ಎನ್ನುತ್ತಿದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಹೌದು ಎಂದರು. ಇನ್ನೂ ಮೊದಲ ದಿನಗಳು, ಸದ್ಯಕ್ಕೆ ಯಾರಿಗೂ ಹೇಳಬೇಡಿ ಎಂದರು. ನಾನು ಜಯಶೀಲಮ್ಮನಿಗೆ ಮಾತ್ರ ಫೋನ್ ಮಾಡಿದೆ. ಅವರು ಏನೂ ಮಾತಾಡಲಿಲ್ಲ. ತುಂಬ ಹೊತ್ತಾದ ಮೇಲೆ, “ಸುಮ್ನಿದ್ದೀನಿ ಬೀಗಿತ್ತಿ, ಸುಮ್ನಿದ್ದೀನಿ,” ಎಂದು ಪಿಸುಗುಟ್ಟಿ ಫೋನ್ ಇಟ್ಟರು.

ಅಕ್ಕಿ ಬಸಿದಿಟ್ಟು ತುಂಬ ಹೊತ್ತಾಯಿತು, ರುಬ್ಬಬೇಕು. ಒಳಕೋಣೆಯಲ್ಲಿ ಮಂಚದ ಸದ್ದಾಯಿತು. ಹೇಮಿ ಎದ್ದಿದ್ದಾಳೆ.

“ಅವ್ವಾ...”

ಒಂದೇ ಸಲ ಕರೆದಳು. ಓ ಎಂದೆ. ಎದ್ದೆ.